30 ಅಡಿ ರಸ್ತೆಯಲ್ಲಿ ಜಗಳಗಂಟ ನಾಯಿ

ಇನ್ನೊಂದು ನಾಯಿಯನ್ನು ಕಂಡ ಕೂಡಲೇ ಲೀಶ್ ಹರಿಯುವಂತೆ ಎಗರಿ ಬೊಗಳುವ ನಾಯಿಯನ್ನು ಸಾಕಿದವರಿಗೆ ಯೂಟ್ಯೂಬಿನ ತರಬೇತುದಾರರು ಹೇಳುವ ಮೊದಲ ಮಾತು, ದೂರ ಸರಿಯಿರಿ ಎಂಬುದು. ಮಾತೇನೋ ಸರಿಯಾದದ್ದೇ, ಆದರೆ ಆ ವಿಡಿಯೋಗಳಲ್ಲಿ ಕಾಣುವುದು ವಿಶಾಲವಾದ ಹುಲ್ಲುಹಾಸು, ಖಾಲಿ ರಸ್ತೆ ಮತ್ತು ತಮ್ಮ ತಮ್ಮ ಯಜಮಾನರ ಕೈಯಲ್ಲಿರುವ ನಾಯಿಗಳು. ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ರಸ್ತೆ ಇರುವುದೇ 30 ಅಡಿ, ಎರಡೂ ಬದಿಗೆ ಕಾರುಗಳು ನಿಂತ ಮೇಲೆ ಉಳಿಯುವುದು ಅದರ ಅರ್ಧ, ಮತ್ತು ಪ್ರತಿ ಕ್ರಾಸಿನಲ್ಲಿಯೂ ಆ ಕ್ರಾಸನ್ನು ತಮ್ಮದೆಂದು ತಿಳಿದ ಮೂರೋ ನಾಲ್ಕೋ ಬೀದಿನಾಯಿಗಳು ಮಲಗಿರುತ್ತವೆ. ಇಲ್ಲಿ ದೂರವನ್ನು ಎಲ್ಲಿಂದ ತರುವುದು?

ನಮ್ಮ ಕರಿಯನೂ ಬೀದಿಯಲ್ಲಿ ಹುಟ್ಟಿದವನೇ, ಬೆಳೆದ ಮೇಲೆ ನಮ್ಮ ಮನೆಗೆ ಬಂದವನು. ಮನುಷ್ಯರೆಂದರೆ, ಕೊರಿಯರ್ ಹುಡುಗರೂ ಸೇರಿದಂತೆ, ಎಲ್ಲರೂ ಅವನಿಗೆ ನೆಂಟರು. ನಾಯಿಗಳ ವಿಷಯದಲ್ಲಿ ಮಾತ್ರ ಈ ಔದಾರ್ಯ ಇಲ್ಲ. ಅವನನ್ನು ಇಂಥ ರಸ್ತೆಗಳಲ್ಲಿ ನಡೆಸುತ್ತಾ ನಾನು ಕಂಡುಕೊಂಡಿರುವುದು ಇಷ್ಟು: ದೂರ ಸಿಗದ ಕಡೆ ಮರೆಯನ್ನು ಹುಡುಕಬೇಕು. ನಾಯಿಯ ಜಗಳಕ್ಕೆ ಮೊದಲ ಕಿಡಿ ಬೀಳುವುದು ಬಹುಮಟ್ಟಿಗೆ ಕಣ್ಣಿಗೆ ಕಣ್ಣು ಕೂಡಿದಾಗ, ಆ ನೋಟವನ್ನು ಕಡಿದರೆ ಹದಿನೈದು ಅಡಿಯೂ ಸಾಕಾಗುವ ಸಂದರ್ಭಗಳಿವೆ.

ಇದಕ್ಕೆ ಕಾರಣವನ್ನು ನಾಯಿಗಳ ನಡವಳಿಕೆಯಲ್ಲಿಯೇ ನೋಡಬಹುದು. ಬಿಟ್ಟ ನಾಯಿಗಳು ಪರಸ್ಪರ ನೇರವಾಗಿ ಎದುರುಗೊಳ್ಳುವುದಿಲ್ಲ. ಕಮಾನಿನಂತೆ ಬಳಸಿಕೊಂಡು ಬಂದು, ಮುಖ ಪಕ್ಕಕ್ಕೆ ತಿರುಗಿಸಿ, ನೆಲ ಮೂಸಿ, ಆಮೇಲೆ ಹತ್ತಿರವಾಗುತ್ತವೆ. ಲೀಶ್ ಕಟ್ಟಿದ ನಾಯಿಗೆ ಈ ಸೌಕರ್ಯವಿಲ್ಲ. ನಾವು ಅದನ್ನು ಎದುರಿನ ನಾಯಿಯ ಮುಖಕ್ಕೆ ಮುಖ ಕೊಟ್ಟು ಕರೆದೊಯ್ಯುತ್ತೇವೆ, ಹೆದರಿ ಓಡಲೂ ಬಿಡುವುದಿಲ್ಲ. ಓಡಲಾಗದ್ದು ಬೊಗಳುತ್ತದೆ, ಬೊಗಳಿದಾಗ ಎದುರಿನ ನಾಯಿ ಹೇಗೂ ತನ್ನ ದಾರಿಯಲ್ಲಿ ಮುಂದೆ ಹೋಗುತ್ತದೆ, ತಾನು ಬೊಗಳಿದ್ದರಿಂದಲೇ ಅದು ತೊಲಗಿತು ಎಂದು ನಮ್ಮ ನಾಯಿ ಪಾಠ ಕಲಿಯುತ್ತದೆ. ಮರಿಗಳು ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಕಂಡದ್ದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತವೆ, ಆದರೆ ಪಾರ್ವೊ ಎಂಬ ಮಾರಕ ವೈರಸ್ ರೋಗದ ಭಯದಿಂದ ಲಸಿಕೆ ಮುಗಿಯುವ ತನಕ ಮನೆಯೊಳಗೇ ಇಟ್ಟ ಮರಿಗಳಿಗೆ ಆ ಅವಧಿ ನಾಲ್ಕು ಗೋಡೆಗಳ ನಡುವೆ ಕಳೆದುಹೋಗುತ್ತದೆ. ಇದುವರೆಗೆ ಸಾಧುವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕತೊಡಗಿದರೆ ತರಬೇತುದಾರರಿಗಿಂತ ಮೊದಲು ಪಶುವೈದ್ಯರನ್ನು ಕಾಣಬೇಕು, ಏಕೆಂದರೆ ಕಿವಿಯ ಸೋಂಕು, ಸೊಂಟದ ಕೀಲು ನೋವು, ಉಣ್ಣಿ ಕಡಿತದಿಂದ ಬರುವ ಜ್ವರ ಇವೆಲ್ಲವೂ ನಾಯಿಯನ್ನು ಜಗಳಗಂಟನನ್ನಾಗಿ ಮಾಡಬಲ್ಲವು. ಸಂತಾನಹರಣ ಚಿಕಿತ್ಸೆಯೊಂದರಿಂದಲೇ ಈ ಸ್ವಭಾವ ಹೋಗುತ್ತದೆ ಎಂದು ನಂಬಿ ಕೂರುವುದು ಬೇಡ. ಭಯದಿಂದ ಬಂದ ಸಿಡುಕಿಗೆ ಅದು ಮದ್ದಲ್ಲ.

ಎಗರುವುದಕ್ಕೆ ಮುಂಚೆ ನಾಯಿ ಸಾಕಷ್ಟು ಸೂಚನೆಗಳನ್ನು ಕೊಡುತ್ತದೆ. ನಾಲಿಗೆ ಚಾಚಿಕೊಂಡು ನಡೆಯುತ್ತಿದ್ದುದು ಬಾಯಿ ಮುಚ್ಚುತ್ತದೆ, ಕಿವಿ ಮುಂದಕ್ಕೆ ನಿಲ್ಲುತ್ತದೆ, ಮೈ ಬಿಗಿದು ಭಾರವೆಲ್ಲ ಮುಂಗಾಲಿಗೆ ಬರುತ್ತದೆ. ಬಾಲ ಅಲ್ಲಾಡುತ್ತಿದೆ ಎಂದು ಸಮಾಧಾನಪಡುವವರನ್ನು ನಾನು ದಿನವೂ ನೋಡುತ್ತೇನೆ. ಎತ್ತರಕ್ಕೆ ನಿಂತು ಕಡ್ಡಿಯಂತೆ ಬಿರುಸಾಗಿ ಅಲ್ಲಾಡುವ ಬಾಲ ಸ್ನೇಹದ ಗುರುತಲ್ಲ. ಬಾಯಿ ಮುಚ್ಚಿದ ಆ ಕ್ಷಣಕ್ಕೂ ಎಗರುವ ಕ್ಷಣಕ್ಕೂ ನಡುವೆ ಒಂದೆರಡು ಉಸಿರಿನಷ್ಟು ಕಾಲವಿರುತ್ತದೆ, ನಮ್ಮ ಕೈಯಲ್ಲಿರುವ ಹತೋಟಿಯೆಲ್ಲ ಆ ಅವಧಿಯದು. ಅದು ದಾಟಿದ ಮೇಲೆ ಹೆಸರು ಹಿಡಿದು ಕೂಗಿದರೂ ನಾಯಿಗೆ ಕೇಳಿಸುವುದಿಲ್ಲ. ಗುರುಗುಟ್ಟಿದ್ದಕ್ಕೆ ಹೊಡೆಯುವುದಂತೂ ಕೂಡದು, ಏಕೆಂದರೆ ಹಾಗೆ ಹೊಡೆಸಿಕೊಂಡ ನಾಯಿ ಗುರುಗುಟ್ಟುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯುವ ಸಾಧ್ಯತೆ ಹೆಚ್ಚು.

ಆದ್ದರಿಂದ ನಾನು ರಸ್ತೆಗೆ ಇಳಿದ ಕೂಡಲೇ ನೋಡುವುದು ನಾಯಿಗಳನ್ನಲ್ಲ, ಮರೆಗಳನ್ನು. ನಿಂತ ಕಾರು, ಗೂಡ್ಸ್ ಆಟೋ, ಗೇಟಿನ ಒಳಸರಿದ ಜಾಗ, ಕಟ್ಟಡ ಕೆಲಸಕ್ಕೆ ಸುರಿದ ಜಲ್ಲಿಯ ರಾಶಿ, ತಿರುಗಲು ಅನುಕೂಲವಾದ ಕ್ರಾಸ್, ಯಾವುದಾದರೂ ಸರಿ. ರಸ್ತೆಯ ಆ ತುದಿಯಲ್ಲಿ ನಾಯಿಯೊಂದು ಕಂಡು, ಕರಿಯನೂ ಅದನ್ನು ಕಂಡು, ಇನ್ನೂ ಮೈ ಬಿಗಿಯುವ ಮುಂಚೆಯೇ ‘ಬಾ’ ಎಂದು ಹೇಳಿ ಹಿಂದಕ್ಕೆ ತಿರುಗಿ ಕಾರಿನ ಮರೆಗೆ ಹೋಗುತ್ತೇನೆ, ಅಲ್ಲಿ ಬೇಯಿಸಿದ ಕೋಳಿಯ ಚೂರುಗಳನ್ನು ನೆಲದ ಮೇಲೆ ಚೆಲ್ಲುತ್ತೇನೆ. ಕೈಯಿಂದ ಕೊಡದೆ ಚೆಲ್ಲುವುದಕ್ಕೆ ಕಾರಣವಿದೆ: ಮೂಗು ನೆಲಕ್ಕೆ ಇಳಿದ ನಾಯಿಯ ಕಣ್ಣೂ ಕೆಳಗಿಳಿಯುತ್ತದೆ ಮತ್ತು ಮೂಸುವುದರಿಂದ ಅದರ ಉದ್ವೇಗ ತಗ್ಗುತ್ತದೆ. ಮಾಂಸ ಮುಟ್ಟದ ಮನೆಯವರು ಪನೀರಿನ ಸಣ್ಣ ತುಂಡುಗಳಿಂದ ಇದೇ ಕೆಲಸವನ್ನು ಮಾಡಬಹುದು. ಕ್ರಮ ಮಾತ್ರ ತಪ್ಪಬಾರದು. ಮೊದಲು ನಾಯಿ ಕಾಣಬೇಕು, ಆಮೇಲೆ ತಿಂಡಿ ಬರಬೇಕು. ಆ ನಾಯಿ ದಾಟಿಹೋದ ಮೇಲೆ ತಿಂಡಿಯೂ ನಿಲ್ಲಬೇಕು. ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳ ಜೊಲ್ಲಿನ ಮೇಲೆ ಪ್ರಯೋಗ ನಡೆಸಿ ತೋರಿಸಿದ ತತ್ವವೇ ಇಲ್ಲಿಯದು: ಬೇರೆ ನಾಯಿಯೆಂದರೆ ಕೆಡುಕು ಎಂಬ ನಿರೀಕ್ಷೆಯ ಜಾಗದಲ್ಲಿ ಕೋಳಿಯ ನಿರೀಕ್ಷೆ ಬಂದು ಕೂರಬೇಕು. ಆ ‘ಬಾ’ ಎಂಬ ಕರೆಗೆ ತಿರುಗುವ ಅಭ್ಯಾಸವನ್ನು ಮಾತ್ರ ಮನೆಯ ತಾರಸಿಯ ಮೇಲೆ, ಯಾವ ನಾಯಿಯೂ ಕಾಣದ ಕಡೆ, ಮೊದಲೇ ಗಟ್ಟಿ ಮಾಡಿಕೊಂಡಿರಬೇಕು.

ಸಲಕರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರು ಅಡಿಯ ಗಟ್ಟಿ ಲೀಶ್, ಎದೆಯ ಮುಂಭಾಗದಲ್ಲಿ ಕೊಂಡಿ ಇರುವ ಹಾರ್ನೆಸ್ (ಎದೆ ಬೆನ್ನು ಸುತ್ತಿ ತೊಡಿಸುವ ಪಟ್ಟಿ), ಇಷ್ಟು ಸಾಕು. ಎದೆಯ ಕೊಂಡಿಗೆ ಲೀಶ್ ಹಾಕಿದರೆ ಎಗರಿದ ನಾಯಿ ತಾನಾಗಿಯೇ ಪಕ್ಕಕ್ಕೆ ತಿರುಗುತ್ತದೆ. ಎಳೆದಷ್ಟೂ ಉದ್ದವಾಗಿ ಬಿಚ್ಚಿಕೊಳ್ಳುವ ಲೀಶ್ ಇಂಥ ನಾಯಿಗೆ ಅಪಾಯಕಾರಿ. ಕುತ್ತಿಗೆ ಬಿಗಿಯುವ ಚೈನು, ಮುಳ್ಳಿನ ಪಟ್ಟಿ, ಕರೆಂಟಿನ ಪಟ್ಟಿ ಇವು ಬೇಡ: ಬೇರೆ ನಾಯಿ ಕಂಡಾಗಲೆಲ್ಲ ಕುತ್ತಿಗೆಗೆ ನೋವಾದರೆ ನಾಯಿ ಆ ನೋವನ್ನು ಎದುರಿನ ನಾಯಿಯ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ. ಅಮೆರಿಕದ ಪಶುವೈದ್ಯ ನಡವಳಿಕೆ ತಜ್ಞರ ಸಂಘವು 2021ರಲ್ಲಿ ಹೊರಡಿಸಿದ ಹೇಳಿಕೆಯೂ ಬಹುಮಾನ ಆಧಾರಿತ ತರಬೇತಿಯನ್ನೇ ಶಿಫಾರಸು ಮಾಡುತ್ತದೆ. ಹಿಂದೆ ಕಚ್ಚಿದ ಚರಿತ್ರೆ ಇರುವ ನಾಯಿಗೆ ಮಜಲ್ (ಕಚ್ಚದಂತೆ ಬಾಯಿಗೆ ತೊಡಿಸುವ ಕವಚ) ಹಾಕಲು ಸಂಕೋಚ ಬೇಡ. ಕಣದಲ್ಲಿ ತುಳಿಯುವ ಎತ್ತಿಗೆ ಬಾಯಿಕುಕ್ಕೆ ಕಟ್ಟಿದರೆ ಅದನ್ನು ಯಾರೂ ದುಷ್ಟ ಎತ್ತು ಎನ್ನುವುದಿಲ್ಲ. ಆದರೆ ಮಜಲ್ ಬುಟ್ಟಿಯ ಆಕಾರದ್ದಾಗಿರಬೇಕು, ಏಕೆಂದರೆ ನಾಯಿ ಮುಖ್ಯವಾಗಿ ತೇಕುವುದರಿಂದಲೇ ಮೈಯ ಕಾವನ್ನು ಕಳೆದುಕೊಳ್ಳುತ್ತದೆ, ಬಾಯಿ ತೆರೆಯಲು ಬಿಡದ ಬಟ್ಟೆಯ ಮಜಲ್ ನಡಿಗೆಗೆ ತಕ್ಕದ್ದಲ್ಲ.

ಇನ್ನು ಬೀದಿನಾಯಿಗಳು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣ ಚಿಕಿತ್ಸೆಯಾದ ನಾಯಿಯನ್ನು ಹಿಡಿದ ಜಾಗಕ್ಕೇ ತಂದು ಬಿಡಬೇಕು. ಕಿವಿಯ ತುದಿಯಲ್ಲಿ ಕಚ್ಚು ಇದ್ದರೆ ಚಿಕಿತ್ಸೆಯಾಗಿದೆ ಎಂದು ಗುರುತು. ಇದನ್ನು ದೂರುವವರು ಬಹಳ. ಜಗಳಗಂಟ ನಾಯಿಯನ್ನು ನಡೆಸುವವನಾಗಿ ನನಗೆ ಇದರಲ್ಲಿ ಒಂದು ಅನುಕೂಲ ಕಾಣುತ್ತದೆ: ಯಾವ ಕ್ರಾಸಿನಲ್ಲಿ ಯಾವ ನಾಯಿ, ಅದರ ಗಡಿ ಯಾವ ಕಂಬದವರೆಗೆ, ಯಾವುದು ಬರೀ ಬಾಯಿಮಾತಿನದು, ಯಾವುದು ಸದ್ದಿಲ್ಲದೆ ಹಿಂದಿನಿಂದ ಬರುವುದು, ಎಲ್ಲವನ್ನೂ ತಿಳಿದುಕೊಳ್ಳಬಹುದು. ಅವಕ್ಕೆ ಅನ್ನ ಹಾಕುವವರನ್ನು ಪರಿಚಯ ಮಾಡಿಕೊಳ್ಳುವುದು ಇನ್ನೂ ಮೇಲು. ನಮ್ಮ ಹಿಂದಿನ ರಸ್ತೆಯಲ್ಲಿ ಹಾಲು ಅನ್ನ ಕಲಸಿ ತರುವ ಹಿರಿಯರೊಬ್ಬರನ್ನು ‘ಅಮ್ಮಾ, ಎಷ್ಟು ಹೊತ್ತಿಗೆ ಬರ್ತೀರಿ?’ ಎಂದು ಕೇಳಿದಾಗ ಅವರು ‘ಆರೂವರೆಗೆ ಕಣಪ್ಪಾ, ನೀನು ಅಷ್ಟರೊಳಗೆ ಒಂದು ಸುತ್ತು ಹಾಕ್ಕೊಂಡು ಹೋಗಿಬಿಡು’ ಎಂದರು. ಯಾವ ತರಬೇತುದಾರರ ಸಲಹೆಯೂ ನಮಗೆ ಅಷ್ಟು ಉಪಯೋಗಕ್ಕೆ ಬಂದಿಲ್ಲ.

ಕಾಲವನ್ನೂ ಗಮನಿಸಬೇಕು. ಕಾರ್ತಿಕ ಮಾಸದ ಆಸುಪಾಸಿನಲ್ಲಿ ಬೀದಿನಾಯಿಗಳು ಬೆದೆಗೆ ಬಂದು ಗುಂಪುಗೂಡುತ್ತವೆ, ಅದೇ ದಿನಗಳಲ್ಲಿ ದೀಪಾವಳಿಯ ಪಟಾಕಿಯೂ ಸೇರುತ್ತದೆ, ಅದಾದ ಎರಡು ತಿಂಗಳಿಗೆ ಮರಿಗಳಿರುವ ತಾಯಂದಿರು ಚರಂಡಿಯ ಚಪ್ಪಡಿಯ ಕೆಳಗೆ ಕಾವಲು ಕೂರುತ್ತವೆ. ತಾಯಿ ನಾಯಿ ಇರುವ ರಸ್ತೆಯನ್ನು ಪೂರ್ತಿ ಬಿಟ್ಟುಬಿಡುವುದೇ ವಿವೇಕ. ಉಳಿದ ಗುಂಪುಗಳು ಎದುರಾದಾಗ ಓಡದೆ, ದುರುಗುಟ್ಟಿ ನೋಡದೆ, ನಮ್ಮ ನಾಯಿಯನ್ನು ಬೆನ್ನ ಹಿಂದಕ್ಕೆ ಮಾಡಿಕೊಂಡು, ಮೈಯನ್ನು ಓರೆಯಾಗಿಟ್ಟು ನಿಧಾನವಾಗಿ ಹಿಂದೆ ಸರಿಯಬೇಕು. ಹತ್ತಿರ ಬಂದರೆ ಒಂದು ಹಿಡಿ ಬಿಸ್ಕತ್ತನ್ನು ಅವುಗಳ ಮುಂದೆ ಚೆಲ್ಲಬೇಕು. ಕಲ್ಲು ಹೆಕ್ಕುವಂತೆ ಬಗ್ಗುವುದು ನಮ್ಮವರೆಲ್ಲ ಬಲ್ಲ ವಿದ್ಯೆ, ಅದಕ್ಕೆ ಹೆದರುವ ನಾಯಿಗಳೂ ಇವೆ, ಆದರೆ ನನ್ನ ಪಕ್ಕದಲ್ಲಿರುವವನೂ ಬೀದಿಯಲ್ಲಿ ಬೆಳೆದವನಾದ್ದರಿಂದ ಆ ಬಗ್ಗುವಿಕೆಗೆ ಎಲ್ಲರಿಗಿಂತ ಮೊದಲು ಬೆದರುವವನು ಅವನೇ. ಹೀಗಾಗಿ ನಾನು ನಂಬಿರುವುದು ಗುಂಡಿ ಒತ್ತಿದರೆ ತೆರೆದುಕೊಳ್ಳುವ ಛತ್ರಿಯನ್ನು. ಅದು ನಮ್ಮ ಜೊತೆಗೇ ಬರುವ ಮರೆ. ಅದರ ಸದ್ದಿಗೆ ಕರಿಯನನ್ನು ಮನೆಯಲ್ಲಿಯೇ ಒಗ್ಗಿಸಿದ್ದೇನೆ.

ಬೀದಿನಾಯಿಗಳಿಗಿಂತ ಕಷ್ಟ ಕೊಡುವುದು ಲೀಶ್ ಇಲ್ಲದೆ ಬಿಟ್ಟ ಸಾಕುನಾಯಿ ಮತ್ತು ಅದರ ಹಿಂದೆ ಮೊಬೈಲ್ ನೋಡುತ್ತಾ ಬರುವ ಯಜಮಾನರು. ‘ನಮ್ಮದು ಏನೂ ಮಾಡಲ್ಲ ಸಾರ್’ ಎಂಬ ಅವರ ಭರವಸೆಗೆ ‘ನಮ್ಮದು ಮಾಡುತ್ತೆ ಸಾರ್, ಹಿಡ್ಕೊಳ್ಳಿ’ ಎಂಬುದೊಂದೇ ಉತ್ತರ. ವಾದಕ್ಕೆ ನಿಂತರೆ ನಮ್ಮ ಕೈಯ ಬಿಗಿ ಲೀಶ್ ಮೂಲಕ ನಾಯಿಗೆ ಇಳಿಯುತ್ತದೆ.

ಇಷ್ಟಾದರೂ ನಾಯಿಗಳು ಕಚ್ಚಾಡತೊಡಗಿದರೆ ಕೈಯನ್ನು ಬಾಯಿಗಳ ಹತ್ತಿರ, ಕುತ್ತಿಗೆ ಪಟ್ಟಿಯ ಹತ್ತಿರ ಒಯ್ಯಬಾರದು. ಯಜಮಾನರು ಕಚ್ಚಿಸಿಕೊಳ್ಳುವುದು ಹೆಚ್ಚಾಗಿ ಹೀಗೆಯೇ. ಬಕೆಟ್ ನೀರು ಎರಚುವುದು, ನಡುವೆ ಛತ್ರಿ ಅಥವಾ ಹಲಗೆ ತೂರಿಸುವುದು ಮೊದಲ ಪ್ರಯತ್ನ. ಇಬ್ಬರಿದ್ದರೆ ಇಬ್ಬರೂ ಒಂದೇ ಸಲಕ್ಕೆ ಒಂದೊಂದು ನಾಯಿಯ ಹಿಂಗಾಲುಗಳನ್ನು ಮೇಲೆತ್ತಿ, ತಿರುಗಿ ಕಚ್ಚದಂತೆ ಕಮಾನಿನಲ್ಲಿ ಹಿಂದಕ್ಕೆ ಸರಿಯಬೇಕು. ಹಲ್ಲು ಊರಿ ಹಿಡಿದಿದ್ದಾಗ ಎಳೆದರೆ ಮಾಂಸ ಹರಿಯುತ್ತದೆ, ಬಿಡುವವರೆಗೆ ಕಾಯಬೇಕು. ಮೇಲೆ ಚುಕ್ಕೆಯಂತೆ ಕಾಣುವ ಹಲ್ಲಿನ ಗಾಯದ ಕೆಳಗೆ ಚರ್ಮ ಮಾಂಸದಿಂದ ಬಿಟ್ಟುಕೊಂಡಿರಬಹುದಾದ್ದರಿಂದ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ರೇಬಿಸ್ ಲಸಿಕೆ ಈ ಮುಂಚೆ ಆಗಿದ್ದರೂ ಬೂಸ್ಟರ್ ಬಗ್ಗೆ ಕೇಳಬೇಕು. ಮನುಷ್ಯರಿಗೆ ಹಲ್ಲು ತಾಗಿದ್ದರೆ ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು, ಅರಿಸಿನ ಸುಣ್ಣ ಯಾವುದನ್ನೂ ಮೆತ್ತದೆ ಆಸ್ಪತ್ರೆಗೆ ಹೋಗಿ ಅಂದೇ ಮೊದಲ ಲಸಿಕೆ ಹಾಕಿಸಿಕೊಳ್ಳಬೇಕು, ರಕ್ತ ಬಂದ ಗಾಯವಾದರೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕೇ ಎಂದು ವೈದ್ಯರನ್ನು ಕೇಳಬೇಕು.

ಇಂಥ ಗಲಾಟೆಯ ಮರುದಿನ ನಾಯಿಯನ್ನು ರಸ್ತೆಗೆ ಕರೆದೊಯ್ಯಬಾರದು ಎಂಬುದು ನನ್ನ ನಿಯಮ. ಉದ್ವೇಗ ಒಂದು ರಾತ್ರಿಗೆ ಇಳಿಯುವುದಿಲ್ಲ, ಅದರ ಮೇಲೆ ಸಣ್ಣ ಕಾರಣ ಸೇರಿದರೂ ಮತ್ತೆ ಎಗರುತ್ತದೆ. ಒಂದೆರಡು ದಿನ ತಾರಸಿಯ ಮೇಲೆ ಹಳೆಯ ಟವೆಲಿನ ಮಡಿಕೆಗಳಲ್ಲಿ ನಾಯಿತಿಂಡಿಯ ಕಾಳು ಬಚ್ಚಿಟ್ಟು ಹುಡುಕಿಸಿದರೆ ಕರಿಯನಿಗೆ ದಣಿವಾಗುತ್ತದೆ. ಮತ್ತೆ ಹೊರಟಾಗ ಮೊದಲು ಸುಲಭದ ರಸ್ತೆ, ಅದೂ ಬೆಳಗಿನ ಐದೂವರೆಯ ಹೊತ್ತಿಗೆ, ಹಾಲಿನ ವ್ಯಾನು ಬರುವ ಮುಂಚೆ.