ನಾಲ್ಕು, ಮೂರು

ಪ್ರಥಮ ಪಿಯುಸಿ ಇತಿಹಾಸದಲ್ಲಿ ಗ್ರೀಕರ ಪಾಠ ಬಂದಾಗಲೆಲ್ಲ ನನಗೊಂದು ಸಂಕಟ. ಪೆರಿಕ್ಲಿಸ್, ಫಿಡಿಯಾಸ್, ಪಾರ್ಥೆನಾನ್ ಎಂದು ಹೆಸರುಗಳನ್ನು ಬರೆಸಿ ಮುಂದಿನ ಪಾಠಕ್ಕೆ ದಾಟಿಬಿಡುವುದು ರೂಢಿ. ಮಕ್ಕಳು ಅಂಕ ಪಡೆಯುತ್ತಾರೆ, ಆದರೆ ಗ್ರೀಕರ ಕೈಕೆಲಸ ಒಂದನ್ನೂ ಕಣ್ಣು ನೆಟ್ಟು ನೋಡಿರುವುದಿಲ್ಲ. ಆ ವರ್ಷ ಹೆಸರುಗಳನ್ನು ಬದಿಗಿಟ್ಟು, ಒಂದೇ ಒಂದು ಮಣ್ಣಿನ ಜಾಡಿಯ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿಕೊಂಡು ತರಗತಿಗೆ ಹೋದೆ.

ಜಾಡಿ ಇರುವುದು ವ್ಯಾಟಿಕನ್ ವಸ್ತುಸಂಗ್ರಹಾಲಯದಲ್ಲಿ. ಎರಡು ಅಡಿ ಎತ್ತರ, ಕ್ರಿ.ಪೂ. 540–530ರ ಸುಮಾರಿನದು. ಅದರ ಮೇಲೆ ಎದುರುಬದುರು ಕುಳಿತ ಇಬ್ಬರು ಯೋಧರ ಚಿತ್ರ. ಅಥೆನ್ಸಿನ ಎಕ್ಸೇಕಿಯಾಸ್ ಅದನ್ನು ಮಾಡಿದವನೂ ತಾನೇ, ಬರೆದವನೂ ತಾನೇ ಎಂದು ಸಹಿ ಹಾಕಿದ್ದಾನೆ. ಇದಾವುದನ್ನೂ ನಾನು ಮೊದಲು ಹೇಳಲಿಲ್ಲ. "ಐದು ನಿಮಿಷ ಸುಮ್ಮನೆ ನೋಡಿ" ಎಂದೆ, ಅಷ್ಟೇ.

"ಪಗಡೆ ಆಡುತ್ತಿದ್ದಾರೆ ಮೇಡಂ" ಎಂದಳು ಮುಂದಿನ ಬೆಂಚಿನ ಹುಡುಗಿ. "ಆಡುವಾಗಲೂ ಈಟಿ ಕೆಳಗಿಟ್ಟಿಲ್ಲ" ಎಂದ ಒಬ್ಬ. ಇನ್ನೊಬ್ಬ ಎದ್ದು ಹತ್ತಿರ ಬಂದು, ಎಡಗಡೆಯವನು ಶಿರಸ್ತ್ರಾಣ ತೆಗೆದೇ ಇಲ್ಲ, ಬಲಗಡೆಯವನದು ಹಿಂದಿನ ಗುರಾಣಿಯ ಮೇಲಿದೆ ಎಂದು ತೋರಿಸಿದ. ಮೇಲಂಗಿಗಳ ಮೇಲಿನ ಕೂದಲೆಳೆಯಷ್ಟು ತೆಳುವಾದ ಕುಸುರಿಯನ್ನು, ಕಪ್ಪು ಲೇಪವನ್ನು ಮೊನಚಾದ ಉಪಕರಣದಿಂದ ಗೀರಿ ಬಿಡಿಸಿದ್ದೆಂದು ವಿವರಿಸಿದೆ. ಆ ಕಪ್ಪು ಬೇರೆ ಬಣ್ಣವಲ್ಲ, ನುಣ್ಣಗೆ ಸೋಸಿದ ಅದೇ ಮಣ್ಣು. ಆವಿಗೆಗೆ ಗಾಳಿ ಬಿಟ್ಟು, ತಡೆದು, ಮತ್ತೆ ಬಿಟ್ಟರೆ ಲೇಪ ಕಪ್ಪಾಗಿಯೇ ಉಳಿದು ಉಳಿದ ಮೈ ಕೆಂಪಾಗುತ್ತದೆ.

ಇಬ್ಬರ ಬಾಯಿಯ ಬಳಿಯೂ ಅಕ್ಷರಗಳಿವೆ. ಎಡಗಡೆಯವನು ಅಕಿಲೀಸ್, ಬಲಗಡೆಯವನು ಅಜಾಕ್ಸ್, ಇಬ್ಬರೂ ಗ್ರೀಕ್ ಪುರಾಣದ ವೀರರು. ಅಕಿಲೀಸ್‌ನ ಬಳಿ 'ಟೆಸರ', ಅಂದರೆ ನಾಲ್ಕು. ಅಜಾಕ್ಸ್‌ನ ಬಳಿ 'ಟ್ರಿಯ'. ಎರಡನೆಯದನ್ನು ಓದಿದ್ದೇ ತಡ, "ತ್ರಯ! ಮೂರು!" ಎಂದು ಹಿಂದಿನಿಂದ ಕೂಗು ಬಂತು. ಸಂಸ್ಕೃತ, ಗ್ರೀಕ್ ಒಂದೇ ಬುಡಕಟ್ಟಿನ ಭಾಷೆಗಳೆಂಬುದನ್ನು ಇಷ್ಟು ಸಂತೋಷದಿಂದ ನಾನು ಎಂದೂ ಕಲಿಸಿರಲಿಲ್ಲ.

"ಹಾಗಾದರೆ ಮೂರು ಬಿದ್ದವನು ಸೋತ. ಆಮೇಲೆ ಅವನಿಗೆ ಏನಾಗುತ್ತದೆ?"

ಕಥೆ ಹೇಳಿದೆ. ಟ್ರಾಯ್ ಯುದ್ಧದಲ್ಲಿ ಅಕಿಲೀಸ್ ಸಾಯುತ್ತಾನೆ. ಅವನ ಕವಚ ತನಗೆ ಸಲ್ಲಬೇಕೆಂದು ಅಜಾಕ್ಸ್ ಬಯಸುತ್ತಾನೆ, ಅದು ಇನ್ನೊಬ್ಬ ಗ್ರೀಕ್ ವೀರ ಒಡಿಸ್ಯೂಸ್‌ನ ಪಾಲಾಗುತ್ತದೆ. ಅವಮಾನದಲ್ಲಿ ಬುದ್ಧಿ ಕದಡಿದ ಅಜಾಕ್ಸ್ ಶತ್ರುಗಳೆಂದು ಭ್ರಮಿಸಿ ದನಕುರಿಗಳನ್ನು ಕಡಿಯುತ್ತಾನೆ, ಭ್ರಮೆ ಹರಿದ ಮೇಲೆ ತನ್ನ ಕತ್ತಿಯ ಮೇಲೆ ತಾನೇ ಬೀಳುತ್ತಾನೆ. ಈ ಕಥೆಯನ್ನೇ ಹೇಳುವ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ನಾಟಕವೇ ಬಿ.ಎಂ.ಶ್ರೀ. ಅವರ ಕೈಯಲ್ಲಿ 'ಅಶ್ವತ್ಥಾಮನ್' ಆಗಿ ಕನ್ನಡಕ್ಕೆ ಬಂದಿತೆಂದಾಗ ಮಕ್ಕಳಿಗೆ ಅಜಾಕ್ಸ್ ಪರಕೀಯನಾಗಿ ಉಳಿಯಲಿಲ್ಲ. ಎಕ್ಸೇಕಿಯಾಸ್ ಇನ್ನೊಂದು ಜಾಡಿಯ ಮೇಲೆ ಆ ಸಾವಿನ ಮುಂಚಿನ ಗಳಿಗೆಯನ್ನು ಬರೆದಿದ್ದಾನೆ: ಅಜಾಕ್ಸ್ ಒಬ್ಬನೇ ಬಗ್ಗಿ ಕುಳಿತು, ಕತ್ತಿಯನ್ನು ನೆಲದಲ್ಲಿ ನೆಡುತ್ತಿದ್ದಾನೆ. ರಕ್ತವಿಲ್ಲ. ಆ ಚಿತ್ರವನ್ನು ಮೊಬೈಲಿನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿಸಿದಾಗ ತರಗತಿಯಲ್ಲಿ ಯಾರೂ ಮಾತಾಡಲಿಲ್ಲ.

ಗಂಟೆ ಹೊಡೆದ ಮೇಲೆ ಮುಂದಿನ ಬೆಂಚಿನ ಹುಡುಗಿ ಮೇಜಿನ ಬಳಿ ನಿಂತಳು. "ಪಗಡೆಯ ಜಾಡಿಯ ಹಿಂಬದಿಯಲ್ಲಿ ಏನಿದೆ ಮೇಡಂ?"

ಮರುದಿನ ಅದನ್ನೂ ಮುದ್ರಿಸಿ ತಂದೆ. ಅವಳಿ ಸಹೋದರರಾದ ಕಾಸ್ಟರ್, ಪಾಲಿಡ್ಯೂಸಿಸ್ ಮನೆಯಲ್ಲಿದ್ದಾರೆ. ತಂದೆ ಕುದುರೆಯ ಮುಖ ಸವರುತ್ತಿದ್ದಾನೆ, ತಾಯಿ ಹೂ ಹಿಡಿದು ನಿಂತಿದ್ದಾಳೆ, ನಾಯಿಯೊಂದು ಪಾಲಿಡ್ಯೂಸಿಸ್‌ನ ಕಡೆಗೆ ಜಿಗಿಯುತ್ತಿದೆ. ಅಂದು ಪಾಠ ಮುಂದೆ ಸಾಗಲಿಲ್ಲ. ಮಕ್ಕಳು ನಾಯಿಯನ್ನು ಬಿಟ್ಟು ಕದಲಲಿಲ್ಲ.