ಮನೆಗೆ ಕೊಂಡದ್ದು ಬೇರೆ, ಅಂಗಡಿಗೆ ಕೊಂಡದ್ದು ಬೇರೆ: ವಾಪಸ್ ಕೊಡುವ ವಿಷಯ

ದಾವಣಗೆರೆಯಲ್ಲಿ ಹೋಟೆಲ್ ಯಂತ್ರ ಮತ್ತು ಪ್ಯಾಕಿಂಗ್ ಸಾಮಾನು ಮಾರುವ ಅಂಗಡಿಯೊಂದರಲ್ಲಿ ನಾನು ಬಿಲ್ಲು, ಲೆಕ್ಕ ನೋಡಿಕೊಳ್ಳುತ್ತೇನೆ. ಗ್ರೈಂಡರ್, ಸೀಲಿಂಗ್ ಮಷೀನ್, ಕವರ್ ರೋಲ್ ಇವೇ ನಮ್ಮ ವ್ಯಾಪಾರ. ಬೆಣ್ಣೆ ದೋಸೆ ಹೋಟೆಲಿನವರು, ಮಂಡಕ್ಕಿ ಭಟ್ಟಿಯವರು, ಬೇಕರಿಯವರು, ಮನೆಯಲ್ಲೇ ರೊಟ್ಟಿ ತಟ್ಟಿ ಮಾರುವ ಅಕ್ಕಂದಿರು ನಮ್ಮ ಗಿರಾಕಿಗಳು. ಇತ್ತೀಚೆಗೆ ಎಲ್ಲರೂ ಕೇಳುವುದು ಒಂದೇ: "ಬ್ಯಾಡ ಅನಿಸಿದ್ರೆ ಏಳು ದಿನದಾಗೆ ವಾಪಸ್ ತಗೊಂತೀರಲ್ರಿ?"

ಈ ಏಳು ದಿನ ಫೋನಿನಲ್ಲಿ ಆರ್ಡರ್ ಮಾಡಿ ಮಾಡಿ ಬಂದ ಅಭ್ಯಾಸ. ಅದು ಮಾರುವವರು ತಾವಾಗಿ ಕೊಡುವ ಸೌಲಭ್ಯ, ಕಾನೂನಲ್ಲ. ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯ್ತು ಅಂತ ಹಿಂತಿರುಗಿಸುವ ಹಕ್ಕು ಸಾಮಾನ್ಯ ಅಂಗಡಿ ವ್ಯಾಪಾರದಲ್ಲಿ ಯಾರಿಗೂ ಇಲ್ಲ. ಮಾಲಿನಲ್ಲಿ ದೋಷ ಇದ್ದರೆ, ಹೇಳಿದ್ದೊಂದು ಕೊಟ್ಟಿದ್ದೊಂದು ಆದರೆ ಮಾತ್ರ ಕಾನೂನು ನಡುವೆ ಬರುತ್ತದೆ. ಅಲ್ಲೂ ಎರಡು ದಾರಿ ಇವೆ.

ಮನೆ ಬಳಕೆಗೆ ಕೊಂಡವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ ವಾಪಸ್ ಪಡೆದು ಹಣ ಕೊಡದಿದ್ದರೆ ಅದು ಅನುಚಿತ ವ್ಯಾಪಾರ. ಅವಧಿ ಬರೆದೇ ಇಲ್ಲದಿದ್ದರೆ 30 ದಿನ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವೂ ಇಲ್ಲ. ಆದರೆ ಮರುಮಾರಾಟಕ್ಕೋ ವ್ಯಾಪಾರದ ಉದ್ದೇಶಕ್ಕೋ ಕೊಂಡವರನ್ನು ಇದೇ ಕಾಯ್ದೆ ಗ್ರಾಹಕ ಅಂತ ಒಪ್ಪುವುದಿಲ್ಲ.

ಹಾಗಾದರೆ ರೊಟ್ಟಿ ಅಕ್ಕನ ಕಥೆ ಏನು? ಅವರಿಗೆ ಒಂದು ವಿನಾಯಿತಿ ಇದೆ. ಹೊಟ್ಟೆಪಾಡಿಗಾಗಿ ತಾನೇ ದುಡಿಯಲು ಕೊಂಡ ವಸ್ತು ವ್ಯಾಪಾರದ ಲೆಕ್ಕಕ್ಕೆ ಬರುವುದಿಲ್ಲ. ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಟೈಪ್‌ರೈಟರ್ ಕೊಂಡು ತಾನೇ ಟೈಪ್ ಮಾಡುವವನು, ಆಟೋ ಕೊಂಡು ತಾನೇ ಓಡಿಸುವವನು ಗ್ರಾಹಕನೇ ಎಂದಿತು. ಸಹಾಯಕ್ಕೆ ಒಬ್ಬಿಬ್ಬರು ಇದ್ದರೂ ಅಡ್ಡಿಯಿಲ್ಲ. ಹಿಟ್ಟು ಕಲಸುವ ಯಂತ್ರ ಕೊಂಡು ತಾನೇ ನಡೆಸುವ ಅಕ್ಕ ಗ್ರಾಹಕಿ ಅಂತ ವಾದಿಸಬಹುದು. ಅದೇ ಯಂತ್ರವನ್ನು ಸಾಲಾಗಿ ಇಟ್ಟು ಆಳುಗಳಿಂದ ಕೆಲಸ ಮಾಡಿಸುವ ಯಜಮಾನರಿಗೆ ಆ ಮಾತು ನಡೆಯುವುದು ಕಷ್ಟ.

ವಾರಂಟಿ ಕಾರ್ಡನ್ನೂ ಓದಬೇಕು. ಮನೆ ಬಳಕೆಯ ಮಿಕ್ಸಿ, ಗ್ರೈಂಡರಿನ ಕಾರ್ಡುಗಳಲ್ಲಿ "ವಾಣಿಜ್ಯ ಬಳಕೆಗೆ ಅನ್ವಯಿಸುವುದಿಲ್ಲ" ಅಂತ ಸಣ್ಣ ಅಕ್ಷರದಲ್ಲಿ ಸಾಮಾನ್ಯವಾಗಿ ಇರುತ್ತದೆ. ಕೆಲವರು ಬುದ್ಧಿವಂತಿಕೆ ಮಾಡಿ ಹೆಂಡತಿ ಹೆಸರಲ್ಲಿ, ಜಿಎಸ್‌ಟಿ ನಂಬರ್ ಇಲ್ಲದೆ ಬಿಲ್ ಕೇಳುತ್ತಾರೆ. ಮೋಟಾರ್ ಬಿಚ್ಚಿದ ಮೆಕ್ಯಾನಿಕ್‌ಗೆ ಅದು ಎಷ್ಟು ಬಕೆಟ್ ದೋಸೆ ಹಿಟ್ಟು ರುಬ್ಬಿದೆ ಅಂತ ಗೊತ್ತಾಗಲ್ವಾ? ವಾರಂಟಿಯೂ ಸಿಗಲ್ಲ, ಖರೀದಿಗೆ ಕಟ್ಟಿದ ಜಿಎಸ್‌ಟಿಯನ್ನು ಮಾರಾಟದ ತೆರಿಗೆಯಿಂದ ಕಳೆಯಲು ಬರುವ ಇನ್‌ಪುಟ್ ಕ್ರೆಡಿಟ್ಟೂ ಹೋಯಿತು.

ವ್ಯಾಪಾರಕ್ಕೆ ಕೊಂಡವರ ಕೈ ಪೂರ್ತಿ ಖಾಲಿ ಅಲ್ಲ. 1930ರ ಸರಕು ಮಾರಾಟ ಕಾಯ್ದೆ ಇದೆ. ಹಳೆಯದು, ಆದರೆ ಗಟ್ಟಿ. ನಮ್ಮ ಅಂಗಡಿಗೇ ಅದು ಬೇಕಾಯಿತು. ಸಣ್ಣ ಕಾರ್ಖಾನೆಯೊಂದರಿಂದ ಕವರ್ ರೋಲ್ ತರಿಸಿದ್ದೆವು. ಸ್ಯಾಂಪಲ್ ನೋಡಿಯೇ ಆರ್ಡರ್ ಕೊಟ್ಟಿದ್ದು. ಬಂದ ಲೋಡ್ ಕೈಗೆ ಹಿಡಿದರೇ ತೆಳು ಅನಿಸಿತು. ಮೈಕ್ರೋಮೀಟರ್ ಇಟ್ಟು ನೋಡಿದರೆ ಸ್ಯಾಂಪಲ್‌ಗಿಂತ ಮೈಕ್ರಾನ್ ಕಡಿಮೆ. ಅಷ್ಟರಲ್ಲಿ ಮಂಡಕ್ಕಿ ಭಟ್ಟಿಯವರೊಬ್ಬರು ಬಂದು, "ನಡೀತದ ಬಿಡ್ರಿ, ಎರಡು ರೋಲ್ ಕೊಡ್ರಿ" ಅಂದರು. ಯಜಮಾನರು ಕೊಡಲು ಎದ್ದೇಬಿಟ್ಟರು.

"ಯಜಮಾನ್ರೇ, ಆ ಲೋಡ್ ಮುಟ್ಟಬ್ಯಾಡ್ರಿ" ಅಂದೆ. ಅವರಿಗೆ ಸಿಟ್ಟು ಬಂತು. ಬಾಗಿಲಿಗೆ ಬಂದ ಗಿರಾಕಿಯನ್ನು ವಾಪಸ್ ಕಳಿಸುವುದು ಅಂದರೆ ಅವರಿಗೆ ಆಗಿ ಬರಲ್ಲ. ಆದರೆ ಕಾನೂನು ಇರುವುದು ಹೀಗೆ: ಮಾಲನ್ನು ಬಿಚ್ಚಿ ಪರೀಕ್ಷೆ ಮಾಡುವುದು ನಮ್ಮ ಹಕ್ಕು, ಅಷ್ಟಕ್ಕೇ ಒಪ್ಪಿಕೊಂಡ ಹಾಗೆ ಆಗುವುದಿಲ್ಲ. ಅದನ್ನು ಮಾರಿದರೆ ಒಪ್ಪಿಕೊಂಡ ಹಾಗೆ. ಸುಮ್ನೆ ಇಟ್ಟುಕೊಂಡು ಜಾಸ್ತಿ ದಿನ ಬಾಯಿ ಬಿಡದಿದ್ದರೂ ಅಷ್ಟೇ. ಬೇರ್ಪಡಿಸಲಾಗದ ಒಂದೇ ಒಪ್ಪಂದವಾದರೆ ಸ್ವಲ್ಪ ಭಾಗ ಒಪ್ಪಿಕೊಂಡರೂ ಇಡೀ ಲೋಡ್ ತಿರಸ್ಕರಿಸುವ ಹಕ್ಕು ಹೋಗುತ್ತದೆ. ಆಮೇಲೆ ಬೆಲೆ ಇಳಿಸಿ ಅನ್ನಬಹುದು, ನಷ್ಟ ಕೇಳಬಹುದು, ತಗೊಂಡು ಹೋಗಿ ಅನ್ನಲು ಬರಲ್ಲ. ಎರಡು ರೋಲಿನ ಲಾಭಕ್ಕೆ ಅಷ್ಟು ಬಿಟ್ಟುಕೊಡುವುದೇ?

ಅವತ್ತೇ ಫೋಟೋ, ಅಳತೆ, ಬಿಲ್ ನಂಬರ್ ಹಾಕಿ "ಈ ಮಾಲು ಸ್ಯಾಂಪಲ್‌ನಂತಿಲ್ಲ, ನಾವು ಒಪ್ಪುವುದಿಲ್ಲ" ಅಂತ ವಾಟ್ಸಾಪ್ ಮಾಡಿ, ಇ-ಮೇಲನ್ನೂ ಕಳಿಸಿದೆ. ಬರೀ ಫೋನಲ್ಲಿ ಜಗಳ ಆಡಿದರೆ ನಾಳೆ ತೋರಿಸಲು ಏನೂ ಇರುವುದಿಲ್ಲ. ಸಣ್ಣ ಉದ್ದಿಮೆಗಳಿಗಾಗಿ ಇರುವ ಎಂಎಸ್‌ಎಂಇ ಕಾಯ್ದೆಯ ಕಾಟವೂ ಇದೆ. ಮಾರುವವರು ಅದರಡಿ ಬರುವ ಸಣ್ಣ ಉತ್ಪಾದಕರಾದರೆ, ಡೆಲಿವರಿಯಾದ 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಹೇಳಬೇಕು. ಇಲ್ಲದಿದ್ದರೆ ಮಾಲು ಬಂದ ದಿನವೇ ಒಪ್ಪಿಕೊಂಡಿರಿ ಅಂತ ಹಣದ ಗಡುವು ಅಲ್ಲಿಂದ ಶುರು. ಏನೇ ಒಪ್ಪಂದ ಇದ್ದರೂ ಆ ಗಡುವು 45 ದಿನ ದಾಟುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ.

ಕಾರ್ಖಾನೆಯವರು "ನೀವೇ ಲಾರಿಗೆ ಹಾಕಿ ಕಳಿಸಿ" ಅಂದರು. ಬೇರೆ ಒಪ್ಪಂದ ಇಲ್ಲದಿದ್ದರೆ, ತಿರಸ್ಕರಿಸಿದ ಮಾಲನ್ನು ಕೊಂಡವನು ವಾಪಸ್ ಮುಟ್ಟಿಸಬೇಕಾಗಿಲ್ಲ, ಒಪ್ಪುವುದಿಲ್ಲ ಅಂತ ತಿಳಿಸಿದರೆ ಸಾಕು. ಅದನ್ನು ತೋರಿಸಿದ ಮೇಲೆ ಅವರೇ ಗಾಡಿ ಕಳಿಸಿದರು. "ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಅಂತ ಮೊದಲೇ ಸಹಿ ಮಾಡಿಕೊಟ್ಟಿದ್ದರೆ ಇಷ್ಟು ಸಲೀಸಾಗುತ್ತಿರಲಿಲ್ಲ. ವ್ಯಾಪಾರಿಗಳು ತಮ್ಮೊಳಗೆ ಷರತ್ತು ಹಾಕಿಕೊಂಡು ಈ ಕಾಯ್ದೆಯ ಎಷ್ಟೋ ರಕ್ಷಣೆಗಳನ್ನು ಬಿಟ್ಟುಕೊಡಬಹುದು. ಅದಕ್ಕೇ ಈಗ ನಮ್ಮ ಆರ್ಡರ್ ಹಾಳೆಯಲ್ಲೇ ಮೈಕ್ರಾನ್ ಎಷ್ಟು, ತಕರಾರಿಗೆ ಎಷ್ಟು ದಿನ, ವಾಪಸ್ ಬಾಡಿಗೆ ಯಾರದು ಅಂತ ಬರೆಯುತ್ತೇವೆ. ಸ್ಯಾಂಪಲ್ ತುಂಡಿನ ಮೇಲೆ ಇಬ್ಬರ ಸಹಿ ಹಾಕಿಸಿ ಇಡುತ್ತೇವೆ.

ಗಾಡಿ ಹೋದ ಮೇಲೂ ನನ್ನ ಕೆಲಸ ಬಾಕಿ ಇತ್ತು. ಅವರು ಬಿಲ್ಲಿನ ಮೊತ್ತ ಇಳಿಸುವ ಚೀಟಿ, ಅಂದರೆ ಕ್ರೆಡಿಟ್ ನೋಟ್ ಕೊಡಬೇಕು, ನಾವು ತಗೊಂಡ ಇನ್‌ಪುಟ್ ಕ್ರೆಡಿಟ್ ಬಿಟ್ಟುಕೊಡಬೇಕು. ಆ ಕ್ರೆಡಿಟ್ ನೋಟನ್ನು ಜಿಎಸ್‌ಟಿಯಲ್ಲಿ ತೋರಿಸಲು ಮಾಲು ಮಾರಿದ ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30 ಕೊನೆ, ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಹಾಕಿಬಿಟ್ಟರೆ ಅದೇ ಕೊನೆ. ಹೀಗಾಗಿ ಯಂತ್ರ ವಾಪಸ್ ತರುವ ಹೋಟೆಲಿನವರಿಗೆ ನಾನು ಮೊದಲು ಕೇಳುವುದು ಬಿಲ್ಲನ್ನು, ಆಮೇಲೆ ಯಂತ್ರವನ್ನು.