ಅಡಿಟಿಪ್ಪಣಿಯಿಂದ ಹುಟ್ಟಿದ ಎಂಬತ್ತು ನಿಮಿಷ

ಹಾಸ್ಟೆಲಿನ ದಿನಗಳ ಗೆಳೆಯನೊಬ್ಬ ಮೊನ್ನೆ ಮನೆಗೆ ಬಂದಿದ್ದಾಗ ಮಾತು ಎಂದಿನಂತೆ ಇಂಗ್ಲೆಂಡಿನ 'ಯೆಸ್' ಎಂಬ ರಾಕ್ ಸಂಗೀತ ತಂಡದತ್ತ ಹೊರಳಿತು. ಪ್ರೊಗ್ರೆಸಿವ್ ರಾಕ್ ಹಾಡುಗಳು ಮುಗಿಯುವುದೇ ಇಲ್ಲವೆಂದು ಮೂಗು ಮುರಿಯುವವರ ನಡುವೆ, ಆ ಉದ್ದಕ್ಕಾಗಿಯೇ ಅವುಗಳನ್ನು ಹಚ್ಚಿಕೊಂಡವರು ನಾವಿಬ್ಬರು. 1973ರ 'ಟೇಲ್ಸ್ ಫ್ರಂ ಟೊಪೊಗ್ರಾಫಿಕ್ ಓಷನ್ಸ್' ಎಂಬ ಜೋಡಿ ಆಲ್ಬಮ್ಮನ್ನು 90 ನಿಮಿಷದ ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದೆವು. ಬದಿಗೆ ಎರಡರಂತೆ ನಾಲ್ಕೇ ಹಾಡು. ಪ್ರತಿ ಬದಿಯ ಕೊನೆಗೆ ನಾಲ್ಕೈದು ನಿಮಿಷ ಖಾಲಿ ಟೇಪಿನ ಸುಯ್ಯೆನ್ನುವ ಸದ್ದು.

ಆ ವರ್ಷದ ಮಾರ್ಚಿನಲ್ಲಿ, ತಂಡವನ್ನು ಬಿಟ್ಟುಹೋಗಿದ್ದ ಡ್ರಮ್ಮರ್ ಬಿಲ್ ಬ್ರೂಫೋರ್ಡನ ಮದುವೆಯಲ್ಲಿ, 'ಕಿಂಗ್ ಕ್ರಿಮ್ಸನ್' ತಂಡದ ಜೇಮೀ ಮ್ಯೂರ್ 'ಯೆಸ್'ನ ಗಾಯಕ ಜಾನ್ ಆಂಡರ್ಸನ್‌ಗೆ ಪರಮಹಂಸ ಯೋಗಾನಂದರ ಆತ್ಮಕಥೆಯ ವಿಷಯ ಹೇಳಿದ. ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂದು ಶಾಸ್ತ್ರಗಳನ್ನು ನಾಲ್ಕಾಗಿ ವಿಂಗಡಿಸುವ ಅದರ ಒಂದು ಅಡಿಟಿಪ್ಪಣಿಯಿಂದ ಎಂಬತ್ತು ನಿಮಿಷಗಳ ಸಂಗೀತ ಹುಟ್ಟಿತು. ಆಂಡರ್ಸನ್ ಶ್ರುತಿಯನ್ನು ಶಾಸ್ತ್ರದ ಅರ್ಥದಲ್ಲಿ ತೆಗೆದುಕೊಂಡಿದ್ದನಾದರೂ, ಮೊದಲ ಹಾಡು ಆರಂಭವಾಗುವ ಪಠಣದಂಥ ಗಾಯನವನ್ನು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ತಂಬೂರಿಯ ಶ್ರುತಿಯೇ. ನಾಲ್ಕನೆಯದಾದ 'ರಿಚುಯಲ್'ನಲ್ಲಿ ತಾಳವಾದ್ಯಗಳ ಅಬ್ಬರವೂ ಸಾರ್ಥಕವಾಗಿದೆ. ನಡುವಿನ ಎರಡು ಹಾಡುಗಳನ್ನು ಮಾತ್ರ ಹಿಗ್ಗಿಸಲಾಗಿದೆ ಎಂಬುದನ್ನು, ಹರೆಯದಲ್ಲಿ ಎಷ್ಟೇ ಜಗಳವಾಡಿದ್ದರೂ, ಈಗ ಇಬ್ಬರೂ ಒಪ್ಪುತ್ತೇವೆ. ಕೀಬೋರ್ಡ್ ವಾದಕ ರಿಕ್ ವೇಕ್‌ಮನ್‌ಗೂ ಬೇಸರವಾಗಿತ್ತು: ಮ್ಯಾಂಚೆಸ್ಟರಿನ ಕಛೇರಿಯೊಂದರಲ್ಲಿ ಅವನು ವೇದಿಕೆಯ ಮೇಲೆಯೇ 'ಕರಿ' ಎಂಬ ಭಾರತೀಯ ಶೈಲಿಯ ಊಟ ತಿಂದ ಕಥೆ ಪ್ರಸಿದ್ಧ. ನಮ್ಮ ಶಾಸ್ತ್ರ ಹಿಡಿಸದಿದ್ದರೂ ನಮ್ಮ ಊಟ ಹಿಡಿಸಿತಲ್ಲ ಎಂದು ಗೆಳೆಯ ಈಗಲೂ ನಗುತ್ತಾನೆ.

ಅದಕ್ಕೆ ಒಂದು ವರ್ಷ ಮುಂಚಿನ 'ಕ್ಲೋಸ್ ಟು ದಿ ಎಡ್ಜ್' ಆಲ್ಬಮ್ ಬೇರೆಯದೇ ಮಾತು. ಅದರ ಅದೇ ಹೆಸರಿನ ಹಾಡಿನ ಬೆನ್ನಿಗಿರುವುದು ಜರ್ಮನ್ ಲೇಖಕ ಹರ್ಮನ್ ಹೆಸ್ಸೆಯ 'ಸಿದ್ಧಾರ್ಥ'. ಇಡೀ ಕಾದಂಬರಿಯೊಂದರ ಪ್ರೇರಣೆ ಹದಿನೆಂಟು ಚಿಲ್ಲರೆ ನಿಮಿಷಗಳಲ್ಲಿ ಅಡಗಿದರೆ, ಅಡಿಟಿಪ್ಪಣಿಯೊಂದು ಎಂಬತ್ತು ನಿಮಿಷಕ್ಕೆ ಬೆಳೆದದ್ದೇ ಈ ಎರಡು ಆಲ್ಬಮ್‌ಗಳ ವ್ಯತ್ಯಾಸವೆಂದು ನನಗೆ ತೋರುತ್ತದೆ. ಹಾಡು ನೀರಿನ ಜುಳುಜುಳು ಮತ್ತು ಹಕ್ಕಿಗಳ ಕಲರವದಿಂದ ಮೆಲ್ಲಗೆ ಏರಿ, ಗಿಟಾರು ಒಮ್ಮೆಲೇ ಮೇಲೆರಗಿದಾಗ ಸ್ಫೋಟಗೊಂಡು, ಮೂರನೆಯ ಭಾಗದಲ್ಲಿ ಲಂಡನ್ನಿನ ಚರ್ಚೊಂದರ ಪೈಪ್ ಆರ್ಗನ್ನಿನ ಗಾಂಭೀರ್ಯವನ್ನು ಮುಟ್ಟಿ, ಕೊನೆಗೆ ಅದೇ ನೀರು, ಅದೇ ಹಕ್ಕಿಗಳ ಬಳಿಗೆ ಮರಳುತ್ತದೆ. ಹೆಸ್ಸೆಯ ಹೆಸರನ್ನು ನಾವು ಮೊದಲು ಕೇಳಿದ್ದು ಈ ಹಾಡಿನ ದೆಸೆಯಿಂದಲೇ. ಅಂಬಿಗ ವಾಸುದೇವನು ಸಿದ್ಧಾರ್ಥನಿಗೆ ಹೊಳೆಯ ದನಿಯನ್ನು ಆಲಿಸಲು ಕಲಿಸುವ ಪುಟಗಳನ್ನು ಓದುವಾಗ ಗೆಳೆಯನಿಗೆ ಕೇಳಿಸುವುದು ಆ ಆರ್ಗನ್ನಂತೆ. ನನಗೋ, ಗಿಟಾರು ಬರುವುದಕ್ಕೆ ಮುಂಚಿನ ಆ ಒಂದು ನಿಮಿಷದ ನೀರು.